ಲಂಡನ್ನಿನ ದೂರ, ಕಿರಂಗೂರಿನ ದೂರ

ನಮ್ಮ ಮಾವನವರಿಗೆ ವಿಮಾನದ ಹುಚ್ಚು. ಅವರು ಮೈಸೂರಿನಾಚೆ ಕಾಲಿಟ್ಟವರಲ್ಲ. ಆದರೂ ನಾಗಮಂಗಲದ ತಮ್ಮ ಅಂಗಡಿಯ ಗೋಡೆಗೆ ಭೂಪಟ ಹೊಡೆದು, ಪತ್ರಿಕೆಯಲ್ಲಿ ಬಂದ ಊರುಗಳಿಗೆಲ್ಲ ದಾರ ಹಿಡಿದು ಅಳೆಯುತ್ತಿದ್ದರು. ಕರಾಚಿಯ ವಿಮಾನ ನಿಲ್ದಾಣದಿಂದ ಲಂಡನ್ನಿನ ನಿಲ್ದಾಣಕ್ಕೆ ಸುಮಾರು ಐದು ಸಾವಿರ ಮೈಲಿ, ನಡುವೆ ಬಸ್ರಾ, ಕೈರೋ ಎಂದು ಅಲ್ಲಲ್ಲಿ ಇಳಿದು ಹತ್ತಿ ನಾಲ್ಕೈದು ದಿನದ ಪಯಣ. ಇದನ್ನು ಬೆಲ್ಲ ಕೊಳ್ಳಲು ಬಂದವರಿಗೂ ಹೇಳದೆ ಬಿಡುತ್ತಿರಲಿಲ್ಲ.

ಆ ಬುಧವಾರ ಸಂಜೆಯೂ ದಾರ ಹಿಡಿದೇ ನಿಂತಿದ್ದರು. ನನ್ನ ತೌರು ಕಿರಂಗೂರಿನಿಂದ ಅಣ್ಣ ಕಳಿಸಿದ ಆಳು ಸೈಕಲ್ಲಿನಲ್ಲಿ ಬಂದ. ಅವ್ವನಿಗೆ ಜ್ವರ ಏರಿದೆ, ನಿಮ್ಮ ಹತ್ತಿರ ಏನೋ ಹೇಳಬೇಕಂತೆ, ಬೇಗ ಬರಬೇಕಂತೆ ಎಂದ. ನನ್ನ ಗಂಡ ಕನ್ನಂಬಾಡಿ ಕಟ್ಟೆಯ ಕೆಲಸದಲ್ಲಿದ್ದರು, ಮನೆಯಲ್ಲಿ ಮಾವನವರದೇ ಮಾತು.

"ನಾಳೆ ಬೆಳಗಿನ ಬಸ್ಸಿಗೆ ಓಯ್ತೀನಿ ಮಾವ" ಅಂದೆ.

"ನಾಳೆ ಗುರುವಾರ ಕಣವ್ವ. ತೆಂಕ್ಲು ದಿಕ್ಕಿಗೆ ಶೂಲೆ. ಒಂಡಬಾರ್ದು."

"ನಿಮ್ಮ ವಿಮಾನ ಶುಕ್ರವಾರ ಪಡುವಲಕ್ಕೆ ಆರಾಕಿಲ್ವಾ? ಅದಕ್ಕಿಲ್ವಾ ಶೂಲೆ?"

"ಅದು ಮ್ಯಾಲೆ ಓಯ್ತದೆ. ಶೂಲೆ ಇರಾದು ನೆಲಕ್ಕೆ."

ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ಅವರೇ ದಾರಿ ಹುಡುಕಿದರು. ಪ್ರಸ್ಥಾನ ಇಡುವುದು. ನನ್ನ ಸೀರೆಯ ಗಂಟನ್ನು ಬುಧವಾರವೇ ಪಕ್ಕದ ಮನೆಯಲ್ಲಿಟ್ಟರೆ ನಾನು ಬುಧವಾರವೇ ಹೊರಟ ಲೆಕ್ಕ. ಗುರುವಾರ ಅಲ್ಲಿಂದ ಗಂಟೆತ್ತಿಕೊಂಡು ಮುಂದೆ ಹೋದರಾಯಿತು.

ರಾತ್ರಿಯೇ ಗಂಟು ಇಟ್ಟುಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮನೆಗೆ ಬೀಗ. ಆ ಮನೆಯವರು ನಸುಕಿಗೇ ರಾಗಿ ಕಳೆ ಕೀಳಲು ಹೊಲಕ್ಕೆ ಹೋಗಿದ್ದರು. ನಾನು ಹೊರಡುವುದು ಎಷ್ಟು ಹೊತ್ತಿಗೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಗಂಟು ಬೇಡ, ಉಟ್ಟ ಸೀರೆಯಲ್ಲೇ ಹೋಗುತ್ತೇನೆ ಎಂದು ಗೋಗರೆದೆ. ಇಟ್ಟ ಪ್ರಸ್ಥಾನ ಬಿಟ್ಟು ಹೋದರೆ ಮೊದಲಿಗಿಂತ ಕೆಟ್ಟದ್ದು ಎಂದು ಮಾವನವರು ಬಾಗಿಲಿಗೆ ಅಡ್ಡ ನಿಂತರು. ಹೊಲಕ್ಕೆ ಅಂಗಡಿಯ ಆಳು ಓಡಿದ. ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಬೇಸತ್ತು ಹೊರಟುಹೋದ. ಬೀಗದ ಕೈ ಬಂದಾಗ ರಸ್ತೆಯಲ್ಲಿ ಧೂಳೂ ಉಳಿದಿರಲಿಲ್ಲ. ಆ ದರಿದ್ರ ಗಂಟನ್ನು ಒಲೆಗೆ ಹಾಕಬೇಕೆನ್ನಿಸಿತು.

ಮಧ್ಯಾಹ್ನದ ಮೇಲಿನ ಬಸ್ಸಿಗೆ ಹತ್ತಿದೆ. ಪಾಂಡವಪುರಕ್ಕೆ ಆಗ ಹಿರೋಡೆ ಎನ್ನುತ್ತಿದ್ದೆವು, ಅಲ್ಲಿ ಕಾಫಿಗೆ ಇಳಿದ ಬಸ್ಸಿನವನು ಒಂದು ಗಂಟೆಯಾದರೂ ಹತ್ತಲಿಲ್ಲ. ಯಾರನ್ನು ಬೈಯಬೇಕೋ ತಿಳಿಯದೆ ಸೀಟಿನ ಮೇಲೆ ಕೂತು ಅತ್ತೆ.

ದೀಪ ಹಚ್ಚುವ ಹೊತ್ತಿಗೆ ಕಿರಂಗೂರು ಸೇರಿದೆ. ಅಣ್ಣ ಜಗಲಿಯಲ್ಲೇ ಕೂತಿದ್ದ.

"ಬೆಳಿಗ್ಗೆ ಬಸ್ಸಿನ ಸದ್ದಿಗೆ ಕಣ್ ಬುಟ್ಟು, ಬಂದ್ಲಾ ಅಂತ ಕೇಳುದ್ಲು. ಮಧ್ಯಾನದಿಂದ ಮಾತೇ ಇಲ್ಲ ಕಣವ್ವ" ಅಂದ.

ಅವ್ವ ಆಮೇಲೆ ಕೆಲವು ದಿನ ಇದ್ದಳು. ಕೈ ಹಿಡಿದರೆ ನನ್ನ ಮುಖವನ್ನೇ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಏನು ಹೇಳಬೇಕೆಂದಿದ್ದಳೋ ನನಗೆ ಕೊನೆಗೂ ಗೊತ್ತಾಗಲಿಲ್ಲ.