ಖಾಲಿ ಶೀಟು

ಅಂದು ನಮ್ಮೂರ ಆಸ್ಪತ್ರೆಯ ಬೆಂಚಿನ ಮೇಲೆ ಅವ್ವ, ನಾನು. ಎದುರಿಗೆ ಬಿಪಿ ನೋಡುವ ನರ್ಸಮ್ಮ. ಪಕ್ಕದಲ್ಲಿ ಸಾಹೇಬರೊಬ್ಬರು, ಚಿಕಿತ್ಸೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರೆಂದು ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು.

“ನಮ್ ನರ್ಸಮ್ಮ ದೇವ್ರಂಥೋಳು ಕಣಪ್ಪ. ಹತ್ತೂ ಹಾಕು,” ಎಂದಳು ಅವ್ವ.

ನರ್ಸಮ್ಮ ಎಂದಿನಂತೆ ಅಂಗೈ ಚಾಚಿದರು. “ಖಾಲಿ ಶೀಟು ತೋರ್ಸವ್ವ.” ಯಾರೇ ಬರಲಿ, ಅವರ ಮೊದಲ ಮಾತು ಅದೇ.

ಅವ್ವ ಅಳುಕುತ್ತಲೇ ಚೀಲದಿಂದ ತೆಗೆದಳು. ತಿಂಗಳಿಗೆ ಕೊಟ್ಟಿದ್ದ ಮೂರು ಶೀಟುಗಳಲ್ಲಿ ನಾಲ್ಕೇ ಮಾತ್ರೆ ಮುಗಿದಿದ್ದವು.

“ತಲೆಸುತ್ತು ನಿಂತ್ಮೇಲೂ ಯಾಕವ್ವ ನುಂಗ್ಬೇಕು? ಉಷ್ಣ ಆಯ್ತೈತೆ,” ಎಂದಳು.

ನರ್ಸಮ್ಮ ಬಯ್ಯಲಿಲ್ಲ. “ಸಾರ್, ಆ ಹತ್ತು ಹೊಡೆದಾಕಿ. ನಂಗೆ ನಾಲ್ಕೇ ಬರ್ಕೊಳ್ಳಿ,” ಎಂದರು.

“ನನ್ನಿಂದ ಆ ತಾಯಿಗೆ ನಂಬರ್ ಹೋಯ್ತಲ್ಲೋ!” ಮನೆ ಮುಟ್ಟುವತನಕ ಅವ್ವನದು ಅದೇ ಗೋಳು. ಅಂದಿನಿಂದ ಮುದ್ದೆ ಉಂಡ ಕೂಡಲೇ ಮಾತ್ರೆ. ಆದರೆ ತಿಂಗಳು ತುಂಬುವುದರೊಳಗೆ ನರ್ಸಮ್ಮನಿಗೆ ಹಗರೆ ಊರಿನ ಆಸ್ಪತ್ರೆಗೆ ವರ್ಗವಾಯಿತು. ಹೊಸಬರೂ ಒಳ್ಳೆಯವರೇ, ಬಿಪಿ ಇಳಿದಿದೆ ಎನ್ನುತ್ತಾರೆ, ಆದರೆ ಖಾಲಿ ಶೀಟಿಗೆ ಅಂಗೈ ಚಾಚುವುದಿಲ್ಲ. ಅವ್ವ ಮಾತ್ರ ಪ್ರತಿ ಸಲವೂ ಶೀಟುಗಳನ್ನು ಒಯ್ದು, ಸುಮ್ಮನೆ ವಾಪಸು ತರುತ್ತಿದ್ದಳು.

ಮೊನ್ನೆ ಸೋಮವಾರ, ಕೂಡಿಟ್ಟಿದ್ದ ಖಾಲಿ ಶೀಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಜಾವಗಲ್ಲಿಗೆ ಹೋಗಿ ಹಗರೆ ಬಸ್ಸು ಹತ್ತಿದಳು.