ಇಂಚರಳ ಫ್ರಾಕಿನಲ್ಲಿ ಸುತ್ತಿದ ಹವಳ

ಮಂಜುಳಾ, ಅಂಡಮಾನಿನಿಂದ ಹಿಂದಿರುಗುವ ದಿನ ವಿಮಾನ ನಿಲ್ದಾಣದಲ್ಲಿ ನಿನ್ನ ಬ್ಯಾಗಿನೊಳಗೆ ಸಿಕ್ಕ ಹವಳದ ತುಂಡು ನನ್ನದು. ಅದನ್ನು ಅಲ್ಲಿ ತುರುಕಿದವಳೂ ನಾನೇ. ಆಮೇಲಿನ ಎಂಟು ವರ್ಷ, ಓರಗಿತ್ತಿಯರಾಗಿ ಒಂದೇ ಮನೆಯ ಮೇಲೆ-ಕೆಳಗೆ ಇದ್ದುಕೊಂಡು, ದಿನಕ್ಕೆ ಹತ್ತು ಸಲ ನಿನ್ನ ಮುಖ ನೋಡಿಕೊಂಡು — ಇದೊಂದು ಮಾತು ಬಾಯಿಗೆ ಬರಲಿಲ್ಲ. ಹೇಳಿಬಿಡಬೇಕೆಂದೇ ಮೆಟ್ಟಿಲಿಳಿದು ಬಂದ ದಿನಗಳಿವೆ. ಬಂದು, ಕಾಫಿಪುಡಿ ಕೇಳಿ ವಾಪಸು ಹೋಗಿದ್ದೇನೆ.

ದೇವನಹಳ್ಳಿಯಲ್ಲಿ ದಿನವೂ ತಲೆಯ ಮೇಲೆ ವಿಮಾನ ಹಾರುವುದನ್ನು ನೋಡುವ ನಾವು ಅದನ್ನು ಹತ್ತಿದ್ದು ಅದೇ ಮೊದಲು. ಮಕ್ಕಳಿಗೆ ಸಮುದ್ರ ತೋರಿಸೋಣ ಎಂದು ಎರಡೂ ಸಂಸಾರಗಳನ್ನು ಹೊರಡಿಸಿದವಳು ನಾನು. ಮೇಷ್ಟ್ರಮ್ಮ ಅಲ್ಲವೇ — ಶಾಲೆಯ ಪ್ರವಾಸದಂತೆ ಪಟ್ಟಿ ಬರೆದಿದ್ದೆ: ಮೊಣಕಾಲುದ್ದ ನೀರಿನ ದಂಡೆ, ಮರಳಿನ ಮನೆ, ದೀಪಸ್ತಂಭ, ಗಾಜಿನ ತಳದ ದೋಣಿ. ನಿನ್ನ ಪಾಲಿಗೆ ಬಂದದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎಲ್ಲರ ಒದ್ದೆ ಬಟ್ಟೆ ಹಿಂಡುವುದು.

ಆ ದೋಣಿಯಲ್ಲಿ ಐದು ವರ್ಷದ ನಿನ್ನ ಮಗಳು ಇಂಚರ ಗಾಜಿಗೆ ಮೂಗು ಒತ್ತಿಕೊಂಡೇ ಕೂತಿದ್ದಳು. ಕೆಳಗೆ ಹವಳ, ಹಳದಿ ಮೀನು. "ದೊಡ್ಡಮ್ಮಾ, ಒಂದೇ ಒಂದು ಎತ್ಕೊಳ್ಳಾ?" ಅಂದಳು. ದೋಣಿಯವನು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿ ಪಾಠ ಮಾಡಿದವಳು ನಾನು — ಸಮುದ್ರದ್ದು ಏನನ್ನೂ ಎತ್ತಬಾರದು, ದಂಡೆಗೆ ಬಿದ್ದ ಹವಳವನ್ನೂ ಊರಿಗೆ ಒಯ್ಯಬಾರದು, ನಿಲ್ದಾಣದಲ್ಲಿ ಹಿಡಿಯುತ್ತಾರೆ. ಮಗು ತಲೆಯಾಡಿಸಿತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಾರನೆಯ ದಿನ ದಂಡೆಯಲ್ಲಿ ಕಂಡ ಬೆಳ್ಳನೆಯ ತುಂಡೊಂದನ್ನು ವೇಲಿನಲ್ಲಿ ಮುಚ್ಚಿಕೊಂಡು ತಂದೆ. ಶೋಕೇಸಿನಲ್ಲಿಟ್ಟರೆ ಬಂದವರೆಲ್ಲ ಕೇಳುತ್ತಾರಲ್ಲ ಎಂಬ ಆಸೆ, ಅಷ್ಟೇ.

ನಿಲ್ದಾಣದ ಸಾಲಿನಲ್ಲಿ ಮುಂದಿನವರ ಚೀಲ ಬಿಚ್ಚಿಸಿ ಚಿಪ್ಪುಗಳನ್ನು ತೆಗೆಯುತ್ತಿದ್ದರು. ನೀನು ಮಗುವನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ನಿನ್ನ ಬ್ಯಾಗು ನನ್ನ ಕಾಲ ಬಳಿ ಇತ್ತು. ಕಸದ ಬುಟ್ಟಿ ನಾಲ್ಕೇ ಹೆಜ್ಜೆ ದೂರ — ಹಾಕಲು ಹೋದರೆ ಎಲ್ಲರೂ ನೋಡುತ್ತಿದ್ದರು. ಪಕ್ಕದ ಜಿಪ್ ಎಳೆದು, ಇಂಚರಳ ಫ್ರಾಕಿನಲ್ಲಿ ಸುತ್ತಿ ಇಟ್ಟುಬಿಟ್ಟೆ.

ಪೊಲೀಸಿನವನು ಫ್ರಾಕು ಬಿಡಿಸಿ ಹಿಂದಿಯಲ್ಲಿ ಏನೋ ಕೇಳಿದ. ಅರ್ಥಕ್ಕಾಗಿ ನೀನು ನನ್ನ ಮುಖ ನೋಡಿದೆ. ನಾನು — ಅನುವಾದ ಮಾಡಿದೆ.

"ಯಾರ್ದು ಅಂತ ಕೇಳ್ತಿದಾರೆ ಕಣೇ."

ನೀನು ಫ್ರಾಕು ನೋಡಿದೆ, ಮಗುವನ್ನು ನೋಡಿದೆ. "ನಂದೇ ಅಂತ ಹೇಳಿ ಅಕ್ಕಾ. ತಪ್ಪಾಯ್ತು ಅನ್ನಿ."

ಅದನ್ನೂ ನಾನೇ ಹಿಂದಿಯಲ್ಲಿ ಹೇಳಿದೆ, ಮಂಜುಳಾ.

ಹವಳ ಕಿತ್ತುಕೊಂಡು, ನಿನ್ನ ಹೆಸರು ಬರೆದುಕೊಂಡು ಕಳಿಸಿದರು. ಜನರೆದುರೇ ನಿನ್ನ ಗಂಡ "ಮಾನ ಕಳ್ದ್‌ಬಿಟ್ಯಲ್ಲೇ" ಎಂದು ರೇಗಿದ. ಆಮೇಲೆ ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ "ಮಂಜುಳನ ಬ್ಯಾಗ್ ನೋಡ್ರಪ್ಪಾ" ಎಂಬ ತಮಾಷೆ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನೀನು ಮಗುವಿಗಾಗಿ ಒಪ್ಪಿಕೊಂಡೆ ಎಂದು ನನಗೆ ಅಂದೇ ಅನುಮಾನವಿತ್ತು. ಹೋದ ತಿಂಗಳು ಅವರೆಕಾಯಿ ಸುಲಿಯುತ್ತಾ ನೀನೇ ಹೇಳಿದೆ. "ಅವತ್ತು ತಗೊಂಡಿದ್ದು ಇಂಚರ ಅಕ್ಕಾ. ನಾನು ಕೇಳೋಕೇ ಹೋಗ್ಲಿಲ್ಲ, ಕೇಳಿದ್ರೆ ಸುಳ್ಳೂ ಕಲೀತಾಳೆ. ಅದಕ್ಕೇ ದಿನಾ ಸ್ಕೂಲ್ ಬ್ಯಾಗ್ ನೋಡ್ತೀನಿ." ನಾನೇನು ಮಾಡಿದೆ? ಕೈಯಲ್ಲಿದ್ದ ಅವರೆಕಾಯಿ ಸುಲಿದೆ. ಎಂಟು ವರ್ಷ, ದಿನವೂ ಮಗುವಿನ ಬ್ಯಾಗು — ಏನೆಂದು ಹೇಳಲಿ?

ನಿನ್ನೆ ನೀನು ಹೊರಗೆ ಹೋಗಿದ್ದಾಗ ಇಂಚರ ಶಾಲೆಯಿಂದ ನೇರ ಮೇಲೆ ಬಂದಳು. ನಾನೇನೂ ಕೇಳಿರಲಿಲ್ಲ. ಬ್ಯಾಗಿನ ಜಿಪ್ಪುಗಳನ್ನೆಲ್ಲ ಎಳೆದು ಪುಸ್ತಕ, ಊಟದ ಡಬ್ಬಿ, ಪೆನ್ನುಗಳನ್ನು ನನ್ನ ಮುಂದೆ ಸುರಿದಳು.

"ನೋಡ್ಕೊಳ್ಳಿ ದೊಡ್ಡಮ್ಮಾ. ನೀವು ನೋಡಿದ್ರಿ ಅಂತ ಅಮ್ಮಂಗೆ ಹೇಳ್ಬಿಡಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಲ್ಲ ಮನೆಗಳಲ್ಲೂ ಹೀಗೇ ಎಂದುಕೊಂಡಿದ್ದಾಳೋ ಏನೋ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ನಾನಿವತ್ತು ರಜೆ ಹಾಕಿದ್ದೇನೆ; ಇಂಚರಳ ಶಾಲೆ ಬಿಡುವ ಹೊತ್ತಾಯಿತು. ಈ ಕಾಗದ ಹಿಡಿದು ಕೆಳಗೆ ಬರುತ್ತಿದ್ದೇನೆ. ಇವತ್ತು ಅವಳು ಬ್ಯಾಗು ಬಿಚ್ಚುವ ಮೊದಲು ನೀನು ಇದನ್ನು ಓದಿರಬೇಕು.