ಅವರೆಯ ಹಾಗೆ ಬಿತ್ತಿದ ಸೋಯಾ

ಬೈರಕೂರಿನ ನಮ್ಮ ದಿನ್ನೆ ಹೊಲದಲ್ಲಿ ಏನು ಬಿತ್ತಬೇಕೆಂದು ಮೂವತ್ತು ವರ್ಷದಿಂದ ಹೇಳುತ್ತಿದ್ದವರು ನನ್ನ ಅತ್ತೆ ಚಿಕ್ಕಗಂಗಮ್ಮ. ಮಾವ ಇದ್ದಾಗಲೂ ಅಷ್ಟೇ. ಹೊಲ ಅತ್ತೆಯ ಹೆಸರಿನಲ್ಲೇ ಇತ್ತು. ಕಳೆದ ಎರಡು ವರ್ಷ ಅವರೆ ಹೂವಿಗೆ ಬಂದಾಗ ಜಡಿಮಳೆ ಹಿಡಿದು ಹೂವೆಲ್ಲ ಉದುರಿತು. ಹೊಲವನ್ನು ಹತ್ತು ವರ್ಷಕ್ಕೆ ಮಾಲೂರಿನ ಹೂವಿನವರಿಗೆ ಗುತ್ತಿಗೆ ಕೊಟ್ಟುಬಿಡೋಣ, ಅವರು ಪ್ಲಾಸ್ಟಿಕ್ ಹೊದಿಸಿ ಗುಲಾಬಿ ಬೆಳೆಯುತ್ತಾರೆ ಎಂದರು ನನ್ನ ಗಂಡ ಕಾಂತರಾಜ್.

"ಇದೊಂದು ವರ್ಷ ಬಿಡಪ್ಪ. ಬೆಳೆ ಬರದಿದ್ರೆ ನಾನೇ ಸಹಿ ಹಾಕ್ತೀನಿ" ಎಂದರು ಅತ್ತೆ.

ಮದುವೆಯಾಗಿ ಬೀದರಿಗೆ ಹೋಗಿರುವ ನನ್ನ ಗೆಳತಿ ಆಶಾರಾಣಿ ಅವರೆಯ ಬದಲಿಗೆಂದು ಸೋಯಾ ಬೀಜ ಕಳಿಸಿದಳು. ಅಲ್ಲಿ ಗಿಡ ಸೊಂಟದವರೆಗೆ ಬರುತ್ತದಂತೆ. ಜೂನಿನಲ್ಲೇ ಬಿತ್ತಬೇಕೆಂದೂ ಹೇಳಿದ್ದಳು. ಜೂನ್, ಜುಲೈ ಎರಡೂ ಒಣಗಿಹೋದವು. ಮಳೆ ಬಂದದ್ದು ಆಗಸ್ಟ್ ಕೊನೆಗೆ.

ಮಗಳು ಧನಶ್ರೀಯನ್ನು ಕಂಕುಳಲ್ಲಿ ಎತ್ತಿಕೊಂಡೇ ಹೊಲಕ್ಕೆ ಹೋದೆ. "ತಡ ಆಯ್ತು ಅತ್ತಮ್ಮ. ಹುರುಳಿ ಚೆಲ್ಲಿಬಿಡೋಣ."

"ಅವರೆ ತಡ ಆದ್ರೆ ಏನಾಗುತ್ತೆ? ಮಂಜು ಬಿದ್ದಷ್ಟೂ ಸೊಗಡು ಜಾಸ್ತಿ. ಇದೂ ಕಾಯಿ ಜಾತಿನೇ ಕಣೇ."

ನಾನು ಮಗುವನ್ನು ಬದುವಿನ ಮೇಲೆ ಕೂರಿಸಿ ಬೀಜದ ಚೀಲ ಬಿಚ್ಚಿದೆ. ಇನ್ನೊಮ್ಮೆ ಹೇಳಬೇಕಿತ್ತು.

ಹಗಲು ಕುಗ್ಗುತ್ತಾ ಬಂತು. ಅಕ್ಟೋಬರ್ ಹುಟ್ಟುವಷ್ಟರಲ್ಲಿ ಗೇಣುದ್ದದ ಗಿಡಗಳೇ ಹೂ ಬಿಟ್ಟವು. ಆಶಾರಾಣಿಗೆ ಫೋನ್ ಮಾಡಿದೆ.

"ಹಗಲು ಕಮ್ಮಿ ಆದ್ರೆ ಅದು ಬೆಳೆಯೋದು ಬಿಟ್ಟು ಹೂವಿಗೆ ಕೂತ್ಬಿಡುತ್ತೆ ಕಣೇ. ಇನ್ನೇನೂ ಮಾಡೋಕಾಗಲ್ಲ" ಎಂದಳು.

ಪಕ್ಕದ ಹೊಲದ ಕದಿರೇಶ್ ಬದುವಿನ ಮೇಲೆ ನಿಂತು ಕೇಳಿದ: "ಏನ್ ಚಿಕ್ಕಮ್ಮ, ಬಿತ್ತಿದ್ದು ಸೋಯಾನಾ, ಕೊತ್ತಂಬ್ರಿನಾ?"

"ಬಾರಪ್ಪ, ನಿಂಗೂ ಒಂದು ಕಟ್ಟು ಕಟ್ಟಿಕೊಡ್ತೀನಿ" ಎಂದು ಅತ್ತೆ ನಕ್ಕರು. ಮನೆಗೆ ಬಂದ ಮೇಲೆ ಉಣ್ಣಲಿಲ್ಲ.

ಕಟ್ಟಿದ ನಾಲ್ಕು ಕಾಯಿಯೂ ನೆಲಕ್ಕೆ ತಾಗಿಕೊಂಡೇ ಇದ್ದವು. ನವೆಂಬರಿನ ಸೈಕ್ಲೋನ್ ಮಳೆಗೆ ಅರ್ಧದಷ್ಟು ಕಾಳು ಗಿಡದಲ್ಲೇ ಮೊಳೆತವು. ಎಲ್ಲಾ ಒಕ್ಕಿದಾಗ ಸಿಕ್ಕಿದ್ದು ಒಂದು ಚೀಲ, ಅದೂ ಸುಕ್ಕುಗಟ್ಟಿದ ಕಾಳು.

ಕಾಂತರಾಜ್ ಹೂವಿನವರ ಕರಾರು ಪತ್ರ ತಂದು ಜಗಲಿಯ ಮೇಲಿಟ್ಟರು. ಅತ್ತೆ ಕನ್ನಡಕವನ್ನೂ ಹಾಕಿಕೊಳ್ಳದೆ, ಮಗ ಬೆರಳಿಟ್ಟು ತೋರಿಸಿದಲ್ಲೆಲ್ಲ ಸಹಿ ಮಾಡಿದರು.

ಮಾರನೆಯ ದಿನ ನಾನು ಬೀಜಕ್ಕೆಂದು ದಪ್ಪ ಕಾಳು ಆರಿಸಿ ಬೂದಿ ಬೆರೆಸಲು ಕುಳಿತೆ. ಅತ್ತೆ ಬಂದು ಮೊರ ತೆಗೆದುಕೊಂಡರು.

"ಎಲ್ಲಾನೂ ಹುರಿದುಬಿಡು. ಮಗು ಸರಿಹಿಟ್ಟಿಗೆ ಆಗುತ್ತೆ."

"ಒಂದು ಸೇರಾದ್ರೂ ಬೀಜಕ್ಕೆ ಇರ್ಲಿ ಅತ್ತಮ್ಮ."

"ಎಲ್ಲಿ ಬಿತ್ತೋಕೆ?"

ನಾನು ಒಲೆ ಹಚ್ಚಿದೆ. ಹಸಿ ವಾಸನೆ ಹೋಗುವವರೆಗೂ ಹುರಿಯುತ್ತಾ ಕುಳಿತೆ. ಅತ್ತೆ ಹಿಡಿ ಹಿಡಿಯಾಗಿ ಬಾಣಲೆಗೆ ಹಾಕುತ್ತಾ ಹೋದರು, ಚೀಲ ಖಾಲಿಯಾಗುವವರೆಗೂ.